ಕುರಿ–ಆಡು ಸುತ್ತತೊಡಗಿದಾಗ: ಮಿದುಳು ಮತ್ತು ನರಗಳ ಕಾಯಿಲೆಗಳನ್ನು ಗುರುತಿಸುವುದು ಹೇಗೆ?

ಹಿಂಡಿನಿಂದ ಬೇರೆಯಾಗಿ ನಿಂತ ಕುರಿ, ಕತ್ತನ್ನು ಒಂದೇ ಕಡೆಗೆ ವಾಲಿಸಿಕೊಂಡು ಸುತ್ತು ಹಾಕುವ ಆಡು, ರೊಪ್ಪದ ಬೇಲಿಗೆ ಹಣೆಯೊತ್ತಿ ನಿಂತುಬಿಡುವ ಟಗರು, ನೆಲಕ್ಕೆ ಬಿದ್ದು ಕಾಲು ಬಡಿಯುವ ಮರಿ: ಇವುಗಳಲ್ಲಿ ಯಾವುದನ್ನು ಕಂಡರೂ ಕುರಿಗಾಹಿಗಳು ಸಾಮಾನ್ಯವಾಗಿ ಮೊದಲು ಶಂಕಿಸುವುದು ತಿರುಗು ರೋಗವನ್ನು. ತಿರುಗು ರೋಗಕ್ಕೆ ಮದ್ದಿಲ್ಲ ಎಂಬ ನಂಬಿಕೆಯೂ ಅದರ ಜೊತೆಗೇ ಇರುವುದರಿಂದ, ಪ್ರಾಣಿಯನ್ನು ಸಿಕ್ಕಿದ ಬೆಲೆಗೆ ಮಾರುವುದೋ, ತಲೆಗೆ ಬರೆ ಹಾಕಿಸಿ ಕಾಯುವುದೋ ನಡೆಯುತ್ತದೆ. ಆದರೆ ಹೊರಗೆ ಒಂದೇ ತೆರನಾಗಿ ಕಾಣುವ ಈ ಲಕ್ಷಣಗಳ ಹಿಂದೆ ಹತ್ತಕ್ಕೂ ಹೆಚ್ಚು ಬೇರೆ ಬೇರೆ ಕಾಯಿಲೆಗಳಿವೆ. ಅವುಗಳಲ್ಲಿ ಕೆಲವು ಸಕಾಲದಲ್ಲಿ ಕೊಟ್ಟ ಚುಚ್ಚುಮದ್ದಿಗೆ ಒಂದೇ ದಿನದಲ್ಲಿ ಬಗ್ಗುತ್ತವೆ, ಕೆಲವನ್ನು ಅಗ್ಗದ ಲಸಿಕೆಯಿಂದ ತಡೆಯಬಹುದು, ಒಂದು ಮಾತ್ರ ಪ್ರಾಣಿಯನ್ನು ಮುಟ್ಟಿದ ಮನುಷ್ಯನ ಜೀವಕ್ಕೇ ಅಪಾಯ ತರಬಲ್ಲದು. 2019ರ ಜಾನುವಾರು ಗಣತಿಯಂತೆ ಸುಮಾರು 1.1 ಕೋಟಿ ಕುರಿಗಳೂ 60 ಲಕ್ಷಕ್ಕೂ ಹೆಚ್ಚು ಆಡುಗಳೂ ಇರುವ ಕರ್ನಾಟಕದಲ್ಲಿ, ಇವೆಲ್ಲವನ್ನೂ ಒಂದೇ ಹೆಸರಿನಡಿ ಸೇರಿಸಿಬಿಡುವುದರಿಂದ ಆಗುವ ನಷ್ಟ ಸಣ್ಣದಲ್ಲ.

ಈ ಕಾಯಿಲೆಗಳನ್ನು ಬಿಡಿಸಿ ನೋಡಲು ಒಂದು ಸೂತ್ರ ನೆರವಾಗುತ್ತದೆ. ಪ್ರಾಣಿ ತೋರಿಸುವ ಲಕ್ಷಣದಿಂದ ನರಮಂಡಲದ ಯಾವ ಭಾಗ ಕೆಟ್ಟಿದೆ ಎಂಬುದು ತಿಳಿಯುತ್ತದೆ. ಅದು ಏಕೆ ಕೆಟ್ಟಿತು ಎಂಬುದು ತಿಳಿಯುವುದು ಪ್ರಾಣಿಯ ವಯಸ್ಸು, ಅದು ತಿಂದ ಮೇವು, ಗಬ್ಬದ ತಿಂಗಳು, ಮೈಮೇಲಿನ ಗಾಯ, ಹಿಂಡಿನ ಸುತ್ತ ಓಡಾಡುವ ನಾಯಿ ಇವುಗಳ ವಿವರದಿಂದ. ಮೊದಲನೆಯದನ್ನು ಪಶುವೈದ್ಯರು ಪರೀಕ್ಷಿಸಿ ಹೇಳಬಲ್ಲರು. ಎರಡನೆಯದನ್ನು ಹೇಳಬಲ್ಲವರು ದಿನವಿಡೀ ಹಿಂಡಿನ ಜೊತೆಗಿರುವ ಕುರಿಗಾಹಿಗಳು ಮಾತ್ರ.

ಮೊದಲು ರೇಬೀಸ್ ನೆನಪಿರಲಿ

ಯಾವ ಪರೀಕ್ಷೆಗೂ ಮುನ್ನ ರೇಬೀಸ್ ಇರಬಹುದೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಹುಚ್ಚುನಾಯಿ ಕಚ್ಚಿದ ಗಾಯ ಕುರಿಯ ಉಣ್ಣೆಯ ಅಡಿಯಲ್ಲಿ ಮರೆಯಾಗಿ, ಮಾದು, ಮನೆಯವರಿಗೆ ಮರೆತೇ ಹೋಗಿರಬಹುದು, ಏಕೆಂದರೆ ಕಡಿತದಿಂದ ಲಕ್ಷಣ ಕಾಣುವವರೆಗೆ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಅಂತರವಿರುತ್ತದೆ. ರೇಬೀಸ್ ತಗುಲಿದ ಆಡು ಬಿಡದೆ ಅರಚುತ್ತದೆ, ಅದರ ದನಿ ಒಡೆದು ಗೊಗ್ಗರಾಗುತ್ತದೆ; ಕೆಲವು ಪ್ರಾಣಿಗಳು ಹಾಯಲು ಬರುತ್ತವೆ, ತಮ್ಮದೇ ಉಣ್ಣೆಯನ್ನು ಕಚ್ಚಿಕೊಳ್ಳುತ್ತವೆ; ಇನ್ನು ಕೆಲವು ಯಾವ ಗಲಾಟೆಯೂ ಇಲ್ಲದೆ ಜೊಲ್ಲು ಸುರಿಸುತ್ತ, ಹಿಂಗಾಲು ಸೋತು, ಲಕ್ವ ಹೊಡೆದಂತೆ ಮಲಗಿಬಿಡುತ್ತವೆ. ಈ ಮೌನ ರೂಪವೇ ಹೆಚ್ಚು ಅಪಾಯಕಾರಿ. ನುಂಗಲಾಗದೆ ಜೊಲ್ಲು ಸುರಿಸುವ ಪ್ರಾಣಿಯನ್ನು ಕಂಡಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕುವುದು ಸಹಜ. ಬೆರಳಿನ ಮೇಲಿನ ಸಣ್ಣ ತರಚು ಗಾಯವೊಂದಿದ್ದರೆ ಜೊಲ್ಲಿನಲ್ಲಿರುವ ವೈರಸ್ ಒಳಹೋಗಲು ಅಷ್ಟೇ ಸಾಕು.

ಆದ್ದರಿಂದ ಕಾರಣ ತಿಳಿಯದೆ ನಡವಳಿಕೆ ಬದಲಾದ ಕುರಿ–ಆಡುಗಳ ಬಾಯೊಳಗೆ ಕೈಗವಸಿಲ್ಲದೆ ಕೈ ಹಾಕಲೇಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು, ಅದರ ಹಾಲನ್ನು ಬಳಸಬಾರದು, ಕೊಯ್ದು ಹಂಚಿಕೊಳ್ಳುವ ಯೋಚನೆಯನ್ನಂತೂ ಮಾಡಬಾರದು. ಜೊಲ್ಲು ತಗುಲಿದ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಲಕ್ಷಣ ಕಾಣಿಸಿಕೊಂಡ ಪ್ರಾಣಿಗೆ ಚಿಕಿತ್ಸೆಯಿಲ್ಲ. ಆದರೆ ಅದೇ ನಾಯಿಯಿಂದ ಕಡಿಸಿಕೊಂಡು ಇನ್ನೂ ಆರೋಗ್ಯವಾಗಿರುವ ಉಳಿದ ಕುರಿಗಳಿಗೆ, ಕಡಿತದ ನಂತರ ಕಂತುಗಳಲ್ಲಿ ಕೊಡುವ ಲಸಿಕೆಯನ್ನು ಪಶುವೈದ್ಯರ ಮೂಲಕ ತಕ್ಷಣ ಹಾಕಿಸಲು ಸಾಧ್ಯವಿದೆ. ಈ ಅವಕಾಶ ಬಹಳ ಮಂದಿಗೆ ತಿಳಿಯದೆ ಕೈತಪ್ಪಿ ಹೋಗುತ್ತಿರುವುದು ನೋವಿನ ಸಂಗತಿ.

ದೂರದಿಂದ ನೋಡುವ ಕ್ರಮ

ಪ್ರಾಣಿಯನ್ನು ಹಿಡಿಯುವ ಮೊದಲು ಹತ್ತು ನಿಮಿಷ ದೂರ ನಿಂತು ನೋಡುವುದು ಒಳ್ಳೆಯದು. ಹಿಡಿದ ಕೂಡಲೇ ಭಯದಿಂದ ಅದರ ನಡವಳಿಕೆ ಬದಲಾಗುತ್ತದೆ. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ವೈದ್ಯರಿಗೆ ಅದು ಹತ್ತು ಮಾತಿಗಿಂತ ಹೆಚ್ಚು ಉಪಯುಕ್ತ. ಎಚ್ಚರವಿದೆಯೇ, ಮಂಕಾಗಿದೆಯೇ? ಕಣ್ಣು ಕಾಣುತ್ತಿದೆಯೇ? ಸುತ್ತುವುದು ಎಡಕ್ಕೋ ಬಲಕ್ಕೋ, ಸುತ್ತು ದೊಡ್ಡದೋ ಚಿಕ್ಕದೋ? ಮುಖದ ಎರಡೂ ಬದಿ ಒಂದೇ ರೀತಿ ಇದೆಯೇ? ನಾಲ್ಕೂ ಕಾಲು ಸೋತಿವೆಯೇ, ಹಿಂಗಾಲು ಮಾತ್ರವೇ?

ಮಂಕುತನ, ಕುರುಡುತನ, ಗೋಡೆಗೆ ತಲೆಯೊತ್ತುವುದು, ಅಗಲವಾದ ಸುತ್ತು, ಸೆಳವು: ಇವು ಮುಂಮಿದುಳು ಕೆಟ್ಟಿರುವ ಸೂಚನೆಗಳು. ಒಂದು ಬದಿಯ ಕಿವಿ ಜೋತು ಬಿದ್ದು, ಅದೇ ಬದಿಯ ರೆಪ್ಪೆ ಇಳಿಬಿದ್ದು, ತುಟಿ ಸಡಿಲವಾಗಿ, ನುಂಗಲಾಗದ ಮೆಲುಕಿನ ಉಂಡೆ ಕೆನ್ನೆಯಲ್ಲೇ ಉಳಿದಿದ್ದರೆ ತೊಂದರೆ ಇರುವುದು ಮಿದುಳಿನ ಕಾಂಡದಲ್ಲಿ. ಕಾಲುಗಳನ್ನು ಅಗಲಿಸಿ ನಿಂತು, ತಲೆ ನಡುಗಿಸುತ್ತ, ನಡೆಯುವಾಗ ಅಗತ್ಯಕ್ಕಿಂತ ಎತ್ತರಕ್ಕೆ ಕಾಲೆತ್ತಿ ಇಡುವುದಾದರೆ ಅದು ಹಿಂಮಿದುಳಿನ ಲಕ್ಷಣ. ತಲೆಯ ಭಾಗವೆಲ್ಲ ಸರಿಯಾಗಿದ್ದು, ಚುರುಕಾಗಿ ಮೇಯುತ್ತ, ಹಿಂಗಾಲು ಮಾತ್ರ ತೂರಾಡುತ್ತಿದ್ದರೆ ಬೆನ್ನುಹುರಿಯನ್ನು ಶಂಕಿಸಬೇಕು.

ಕಣ್ಣಿನ ವಿಷಯದಲ್ಲಿ ಒಂದು ಸರಳ ಪರೀಕ್ಷೆಯಿದೆ. ಗಾಳಿ ತಾಗದಂತೆ ಬೆರಳನ್ನು ಕಣ್ಣಿನ ಕಡೆಗೆ ಥಟ್ಟನೆ ಒಯ್ದಾಗ ಪ್ರಾಣಿ ರೆಪ್ಪೆ ಮಿಟುಕಿಸದಿದ್ದರೆ ಅದಕ್ಕೆ ಕಾಣುತ್ತಿಲ್ಲ ಎಂದರ್ಥ. ಬಳಿಕ ಟಾರ್ಚ್ ಬೆಳಕು ಬಿಟ್ಟಾಗ ಕಣ್ಣಿನ ಪಾಪೆ ಕಿರಿದಾಗುತ್ತಿದ್ದರೆ ಕಣ್ಣೂ ಅದರ ನರವೂ ನೆಟ್ಟಗಿವೆ, ಕಂಡದ್ದನ್ನು ಗ್ರಹಿಸುವ ಮಿದುಳಿನ ಹೊರಪದರ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಬೇಕು. ಮುಂದೆ ವಿವರಿಸುವ ಬಿ1 ಕೊರತೆಯ ಮಿದುಳು ಬೇನೆಯಲ್ಲೂ ಗಬ್ಬದ ನಂಜಿನಲ್ಲೂ ಹೀಗಾಗುತ್ತದೆ.

ತಿರುಗು ರೋಗ ಮತ್ತು ಹಟ್ಟಿಯ ನಾಯಿ

ಈಗ ನಿಜವಾದ ತಿರುಗು ರೋಗಕ್ಕೆ ಬರೋಣ. ಟೀನಿಯಾ ಮಲ್ಟಿಸೆಪ್ಸ್ ಎಂಬ ಲಾಡಿಹುಳು ನಾಯಿ, ನರಿ, ತೋಳಗಳ ಕರುಳಿನಲ್ಲಿ ಬೆಳೆಯುತ್ತದೆ; ನಾಯಿಗೆ ಇದರಿಂದ ಎದ್ದು ಕಾಣುವ ತೊಂದರೆಯೇನೂ ಇರುವುದಿಲ್ಲ. ಅದರ ಹಿಕ್ಕೆಯೊಡನೆ ಹೊರಬಿದ್ದ ಮೊಟ್ಟೆಗಳು ಹುಲ್ಲಿಗೂ ನೀರಿಗೂ ಅಂಟಿ ಕುರಿಯ ಹೊಟ್ಟೆ ಸೇರುತ್ತವೆ. ಒಡೆದ ಮೊಟ್ಟೆಯಿಂದ ಹೊರಟ ಮರಿಹುಳು ಕರುಳಿನ ಗೋಡೆ ಕೊರೆದು ರಕ್ತದ ಮೂಲಕ ಮಿದುಳಿಗೆ ತಲುಪಿ, ಅಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಪೂರ್ತಿ ಬೆಳೆದ ಗುಳ್ಳೆ 5 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾಗಬಲ್ಲದು, ಅದರ ಒಳಗೋಡೆಯಲ್ಲಿ ನೂರಾರು ಹುಳುತಲೆಗಳು ಅಕ್ಕಿಕಾಳಿನಂತೆ ಬಿಳಿಯಾಗಿ ಅಂಟಿರುತ್ತವೆ. ಈ ಕುರಿಯನ್ನು ಕೊಯ್ದಾಗ ತಲೆಯನ್ನೋ ಮಿದುಳನ್ನೋ ನಾಯಿಗೆ ಎಸೆದರೆ ಒಂದೊಂದು ಹುಳುತಲೆಯೂ ಒಂದೊಂದು ಲಾಡಿಹುಳುವಾಗಿ, ಸುಮಾರು 6 ವಾರಗಳಲ್ಲಿ ಮತ್ತೆ ಮೊಟ್ಟೆಗಳು ಹೊಲದ ಮೇಲೆ ಬೀಳತೊಡಗುತ್ತವೆ.

ಈ ಚಕ್ರದಲ್ಲಿ ಕುರಿಗಾಹಿಯ ಬದುಕಿನ ಪ್ರತಿಯೊಂದು ಅಂಗವೂ ಸೇರಿಕೊಂಡಿದೆ ಎಂಬುದನ್ನು ಗಮನಿಸಬೇಕು. ತೋಳ, ಕಳ್ಳರಿಂದ ಹಿಂಡನ್ನು ಕಾಯಲು ನಾಯಿ ಬೇಕೇ ಬೇಕು. ವಲಸೆಯ ದಾರಿಯಲ್ಲಿ ಸತ್ತ ಕುರಿಯನ್ನು ಹೂಳಲು ಸಮಯವಿರುವುದಿಲ್ಲ. ಗೊಬ್ಬರಕ್ಕಾಗಿ ಹೊಲದಿಂದ ಹೊಲಕ್ಕೆ ಮಂದೆ ಹಾಕುತ್ತ ಹೋಗುವಾಗ ನಾಯಿಯೂ ಜೊತೆಗಿರುತ್ತದೆ. ಹೀಗಾಗಿ ರೋಗ ಹೊರಗಿನಿಂದ ಬರುವುದಕ್ಕಿಂತ ಹೆಚ್ಚಾಗಿ ಹಿಂಡಿನೊಳಗೇ ಸುತ್ತುತ್ತಿರುತ್ತದೆ, ಅದನ್ನು ಮುರಿಯುವ ಕೀಲಿಯೂ ಹಿಂಡಿನೊಳಗೇ ಇದೆ.

ರೋಗ ಎರಡು ಹಂತಗಳಲ್ಲಿ ಕಾಣಿಸಿಕೊಳ್ಳುತ್ತದೆ. ಎಳೆಯ ಮರಿಗಳು ಒಮ್ಮೆಗೇ ಬಹಳ ಮೊಟ್ಟೆ ತಿಂದಿದ್ದರೆ, ಎರಡು ಮೂರು ವಾರಗಳಲ್ಲಿ ಮರಿಹುಳುಗಳು ಮಿದುಳಿನೊಳಗೆ ಹರಿದಾಡುವ ಹೊತ್ತಿಗೆ ಜ್ವರ, ತೂರಾಟ, ಸೆಳವು ಬಂದು ಕೆಲವು ಸಾಯುತ್ತವೆ. ಇದನ್ನು ತಿರುಗು ರೋಗವೆಂದು ಯಾರೂ ಗುರುತಿಸುವುದಿಲ್ಲ. ಪರಿಚಿತವಾದ ರೂಪ ಕಾಣುವುದು ತಿಂಗಳುಗಳ ಬಳಿಕ, ಹೆಚ್ಚಾಗಿ ಆರು ತಿಂಗಳಿಂದ ಒಂದೂವರೆ ವರ್ಷದವರೆಗಿನ ಕುರಿಗಳಲ್ಲಿ. ಜ್ವರವಿರುವುದಿಲ್ಲ. ದಿನಗಳುರುಳಿದಂತೆ, ವಾರಗಳುರುಳಿದಂತೆ ಲಕ್ಷಣ ಹೆಚ್ಚುತ್ತ ಹೋಗುತ್ತದೆ. ಸಾಮಾನ್ಯವಾಗಿ ಗುಳ್ಳೆಯಿರುವ ಬದಿಗೇ ಪ್ರಾಣಿ ಸುತ್ತುತ್ತದೆ, ಎದುರು ಬದಿಯ ಕಣ್ಣು ಮಂದವಾಗುತ್ತದೆ. ಗುಳ್ಳೆ ಹಿಂಮಿದುಳಿನಲ್ಲಿದ್ದರೆ ಸುತ್ತುವುದಕ್ಕಿಂತ ತೂರಾಟವೇ ಹೆಚ್ಚಾಗಿ ಕಾಣುತ್ತದೆ. ಕೆಲವು ಪ್ರಾಣಿಗಳಲ್ಲಿ ಗುಳ್ಳೆಯ ಒತ್ತಡದಿಂದ ಮೇಲಿನ ತಲೆಬುರುಡೆ ತೆಳುವಾಗಿ, ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗೆ ತಗ್ಗುತ್ತದೆ.

ಮದ್ದಿಲ್ಲ ಎಂಬ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಬೆಳೆದ ಗುಳ್ಳೆಗೆ ಮಾತ್ರೆ–ಚುಚ್ಚುಮದ್ದುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಗುಳ್ಳೆ ಒಳಗೇ ಸತ್ತರೆ ಬರುವ ಊತದಿಂದ ತೊಂದರೆ ಹೆಚ್ಚಲೂಬಹುದು. ಆದರೆ ಗುಳ್ಳೆ ಮಿದುಳಿನ ಮೇಲ್ಭಾಗದಲ್ಲಿದ್ದು, ಜಾಗವನ್ನು ಖಚಿತವಾಗಿ ಗುರುತಿಸಲು ಸಾಧ್ಯವಾದರೆ ಅರಿವಳಿಕೆ ಕೊಟ್ಟು ಬುರುಡೆಗೆ ಸಣ್ಣ ರಂಧ್ರ ಮಾಡಿ ಅದನ್ನು ಹೊರತೆಗೆಯುವ ಶಸ್ತ್ರಚಿಕಿತ್ಸೆ ಇದೆ, ಅದಾದ ಮೇಲೆ ಕುರಿ ಮೊದಲಿನಂತೆ ಹಿಂಡಿಗೆ ಮರಳಬಲ್ಲದು. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿರುವ ಪಶುವೈದ್ಯಕೀಯ ಕಾಲೇಜುಗಳಲ್ಲಿ ಇದರ ಬಗ್ಗೆ ವಿಚಾರಿಸಬಹುದು. ಬೆಲೆಬಾಳುವ ತಳಿಯ ಟಗರಿಗೆ ಇದು ಯೋಗ್ಯವಾದ ದಾರಿ, ಸಾಮಾನ್ಯ ಕುರಿಗೆ ಖರ್ಚು ಹೊಂದದಿರಬಹುದು. ತಲೆಗೆ ಬರೆ ಹಾಕುವುದರಿಂದ ಮಾತ್ರ ಬುರುಡೆಯೊಳಗಿನ ಗುಳ್ಳೆಗೆ ಏನೂ ಆಗುವುದಿಲ್ಲ. ಪ್ರಾಣಿಯ ಯಾತನೆ ಹೆಚ್ಚುತ್ತದೆ, ಸುಟ್ಟ ಗಾಯಕ್ಕೆ ನೊಣ ಕೂತು ಹುಳು ಬೀಳುತ್ತದೆ.

ನಿಜವಾದ ಪರಿಹಾರ ನಾಯಿಯ ಕಡೆಯಿಂದ ಬರಬೇಕು. ಪ್ರಾಜಿಕ್ವಾಂಟೆಲ್ ಎಂಬ ಜಂತುನಾಶಕವನ್ನು ನಾಯಿಯ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಲೆಕ್ಕದಲ್ಲಿ 6ರಿಂದ 8 ವಾರಗಳಿಗೊಮ್ಮೆ ಕೊಟ್ಟರೆ ಮೊಟ್ಟೆಯಿಡುವ ಹಂತಕ್ಕೆ ಬೆಳೆಯುವ ಹುಳುಗಳು ಬಹಳ ಕಡಿಮೆಯಾಗುತ್ತವೆ. ಮಾತ್ರೆ ಕೊಟ್ಟ ಮೇಲೆ ಎರಡು ಮೂರು ದಿನ ನಾಯಿಯನ್ನು ಕಟ್ಟಿ, ಅದರ ಹಿಕ್ಕೆಯನ್ನು ಆಳವಾಗಿ ಹೂಳಬೇಕು, ಏಕೆಂದರೆ ಔಷಧ ಹುಳುವನ್ನು ಕೊಲ್ಲುತ್ತದೆಯೇ ಹೊರತು ಅದರೊಳಗಿನ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಸತ್ತ ಅಥವಾ ಕೊಯ್ದ ಕುರಿಯ ಹಸಿ ತಲೆಯನ್ನು ನಾಯಿಗೆ ಸಿಗದಂತೆ ಸುಡಬೇಕು ಇಲ್ಲವೇ ಹೂಳಬೇಕು; ನಾಯಿಗೆ ಹಾಕಲೇಬೇಕೆಂದಿದ್ದರೆ ಚೆನ್ನಾಗಿ ಕುದಿಸಿಯೇ ಹಾಕಬೇಕು. ಒಂದೇ ಹಟ್ಟಿಯವರು ಹೀಗೆ ಮಾಡಿದರೆ ಸಾಲದು, ಒಂದೇ ಬಯಲಿನಲ್ಲಿ ಮೇಯಿಸುವ ಎಲ್ಲರೂ ಸೇರಿ ಮಾಡಬೇಕು ಎಂಬುದೇ ಇದರ ಕಷ್ಟ. ಮನುಷ್ಯರಿಗೂ ಅಪರೂಪವಾಗಿ ಈ ಗುಳ್ಳೆಯಾಗುವುದುಂಟು, ಅದು ಕುರಿಯ ಮಾಂಸದಿಂದಲ್ಲದೆ ನಾಯಿಯ ಹಿಕ್ಕೆಯಲ್ಲಿನ ಮೊಟ್ಟೆ ಕೈಗೆ ಅಂಟಿ ಬಾಯಿ ಸೇರುವುದರಿಂದ ಬರುತ್ತದೆ. ನಾಯಿಯೊಡನೆ ಆಡುವ ಮಕ್ಕಳ ಕೈ ತೊಳೆಸುವುದು ಇದೇ ಕಾರಣಕ್ಕೆ ಮುಖ್ಯ.

ಅದೇ ಸುತ್ತು, ಬೇರೆ ರೋಗ

ಲಿಸ್ಟೀರಿಯಾ ಸೋಂಕಿನಲ್ಲೂ ಪ್ರಾಣಿ ಒಂದೇ ಕಡೆಗೆ ಸುತ್ತುತ್ತದೆ. ಆದರೆ ತಿರುಗು ರೋಗ ವಾರಗಳ ಲೆಕ್ಕದಲ್ಲಿ ಬೆಳೆದರೆ ಇದು ಗಂಟೆಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಚಿಕಿತ್ಸೆ ಸಿಗದ ಕುರಿ–ಆಡು ಎರಡರಿಂದ ನಾಲ್ಕು ದಿನಗಳಲ್ಲಿ ಸಾಯುವುದು ಸಾಮಾನ್ಯ. ಆರಂಭದಲ್ಲಿ ಜ್ವರವಿರುತ್ತದೆ (ಆರೋಗ್ಯವಂತ ಕುರಿಯ ಮೈಬಿಸಿ ಸುಮಾರು 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್), ಮೇಲೆ ಹೇಳಿದ ಒಂದು ಬದಿಯ ಮುಖದ ಲಕ್ವ ಎದ್ದು ಕಾಣುತ್ತದೆ. ಈ ಬ್ಯಾಕ್ಟೀರಿಯಾ ಮಣ್ಣಿನಲ್ಲೂ ಸಗಣಿಯಲ್ಲೂ ಇರುತ್ತದೆ, ತಂಪಿನಲ್ಲೂ ಬೆಳೆಯಬಲ್ಲದು, ಸರಿಯಾಗಿ ಹುಳಿಯೇರದ ರಸಮೇವಿನಲ್ಲಿ (ಗಾಳಿಯಾಡದಂತೆ ತುಂಬಿ ಹುಳಿಯೇರಿಸಿದ ಹಸಿಮೇವು, ಸೈಲೇಜ್) ವಿಪರೀತವಾಗಿ ಹೆಚ್ಚುತ್ತದೆ. ಮುಳ್ಳು ಚುಚ್ಚಿದ ಅಥವಾ ಹಲ್ಲು ಬದಲಾಗುವಾಗ ಆದ ಬಾಯಿಯ ಸಣ್ಣ ಗಾಯದಿಂದ ಒಳಹೊಕ್ಕು, ಮುಖದ ನರಗಳ ಜಾಡು ಹಿಡಿದು ಮಿದುಳಿನ ಕಾಂಡಕ್ಕೆ ಏರುತ್ತದೆ. ಕಟ್ಟಿ ಮೇಯಿಸುವ ಸಾಕಣೆ ಹೆಚ್ಚಿ, ಮೆಕ್ಕೆಜೋಳದ ರಸಮೇವು ಚೀಲಗಳಲ್ಲಿ ಮಾರಾಟಕ್ಕೆ ಬರುತ್ತಿರುವ ಈ ಕಾಲದಲ್ಲಿ, ಹರಿದ ಚೀಲದ, ಬೂಸ್ಟು ಹಿಡಿದ, ಮಣ್ಣು ಬೆರೆತ ಮೇವನ್ನು ದನಕ್ಕಾಗದಿದ್ದರೆ ಕುರಿಗಾದರೂ ಆದೀತು ಎಂದು ಹಾಕುವ ಅಭ್ಯಾಸವನ್ನು ಬಿಡಲೇಬೇಕು.

ಪೆನಿಸಿಲಿನ್ ಅಥವಾ ಆಕ್ಸಿಟೆಟ್ರಾಸೈಕ್ಲಿನ್ ಅನ್ನು ಸಾಮಾನ್ಯಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ, ಹೆಚ್ಚು ದಿನ ಕೊಡಬೇಕಾಗುತ್ತದೆ. ಪ್ರಾಣಿ ಇನ್ನೂ ಕಾಲ ಮೇಲೆ ನಿಂತಿರುವಾಗ ಆರಂಭಿಸಿದರೆ ಉಳಿಯುವ ಭರವಸೆಯಿದೆ, ಮಲಗಿದ ಮೇಲೆ ಬಹಳ ಕಡಿಮೆ. ನುಂಗಲಾಗದೆ ಜೊಲ್ಲೆಲ್ಲ ಹೊರಗೆ ಹರಿದುಹೋಗುವುದರಿಂದ ದೇಹದ ನೀರೂ ಕ್ಷಾರವೂ ಬರಿದಾಗುತ್ತವೆ, ಅದನ್ನು ವೈದ್ಯರು ರಕ್ತನಾಳದ ಮೂಲಕ ತುಂಬಬೇಕು. ಇದೇ ಸೋಂಕು ಕುರಿಗಳಲ್ಲಿ ಗಬ್ಬ ಹೋಗುವುದಕ್ಕೂ ಕಾರಣ. ಕಾಯಿಸದ ಹಾಲಿನಿಂದ ಬಸುರಿ ಹೆಂಗಸರಿಗೆ ಗರ್ಭಪಾತ ಆಗಬಲ್ಲದು.

ಇಲ್ಲಿ ಮೂಗಿನ ನೊಣವನ್ನೂ ಹೇಳಿಬಿಡಬೇಕು. ಈ ನೊಣದ ಮರಿಗಳು ಕುರಿಯ ಮೂಗಿನಾಳದಲ್ಲಿ ಬೆಳೆಯುವಾಗ ಸೀನು, ಗಟ್ಟಿ ಸಿಂಬಳ, ತಲೆ ಕೊಡವುವುದು, ಕೆಲವೊಮ್ಮೆ ತೂರಾಟವೂ ಕಂಡು ತಿರುಗು ರೋಗವೆಂದೇ ತಪ್ಪು ತಿಳಿಯುವಂತಾಗುತ್ತದೆ. ಐವರ್‌ಮೆಕ್ಟಿನ್ ಇದಕ್ಕೆ ಸಾಕು.

ಮೇವು ಬದಲಾದಾಗ

ಕುರಿ–ಆಡುಗಳಿಗೆ ಬೇಕಾದ ಬಿ1 ಜೀವಸತ್ವವನ್ನು ಅವುಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ತಯಾರಿಸಿಕೊಡುತ್ತವೆ. ಒಣಮೇವು ಕಡಿಮೆಯಾಗಿ ಮೆಕ್ಕೆಜೋಳ, ಹಿಂಡಿ, ಬೂಸಾ ಒಮ್ಮೆಲೇ ಹೆಚ್ಚಾದರೆ ಹೊಟ್ಟೆ ಹುಳಿಯಾಗಿ ಆ ಜೀವಿಗಳ ಸಮತೋಲ ಕೆಡುತ್ತದೆ, ಬಿ1 ಅನ್ನು ಒಡೆಯುವ ಕಿಣ್ವವನ್ನು ಬಿಡುವ ಬ್ಯಾಕ್ಟೀರಿಯಾಗಳು ಮೇಲುಗೈ ಸಾಧಿಸುತ್ತವೆ. ಗಂಧಕ ಹೆಚ್ಚಿರುವ ನೀರು ಮತ್ತು ಮೇವಿನಿಂದಲೂ, ರಕ್ತಭೇದಿಗೆಂದು ಮರಿಗಳಿಗೆ ಕೊಡುವ ಆಂಪ್ರೋಲಿಯಂ ಔಷಧವನ್ನು ಹೆಚ್ಚು ದಿನ ಮುಂದುವರಿಸುವುದರಿಂದಲೂ ಇದೇ ಫಲ ಬರಬಹುದು. ಬಿ1 ಇಲ್ಲದೆ ಮಿದುಳಿನ ಜೀವಕೋಶಗಳು ಸಕ್ಕರೆಯನ್ನು ಬಳಸಿಕೊಳ್ಳಲಾರವು. ಹೊರಪದರ ಊದಿಕೊಂಡು ಕೊಳೆಯತೊಡಗುತ್ತದೆ. ಪ್ರಾಣಿ ಇದ್ದಕ್ಕಿದ್ದಂತೆ ಕುರುಡಾಗುತ್ತದೆ, ಗುರಿಯಿಲ್ಲದೆ ನಡೆಯುತ್ತದೆ, ಕತ್ತನ್ನು ಹಿಂದಕ್ಕೆ ಬಾಗಿಸಿ ಆಕಾಶ ನೋಡುವಂತೆ ನಿಲ್ಲುತ್ತದೆ, ಕೊನೆಗೆ ಬಿದ್ದು ಸೆಟೆದುಕೊಳ್ಳುತ್ತದೆ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ, ಮುಖ ವಾರೆಯಾಗಿರುವುದಿಲ್ಲ.

ನನ್ನ ಮಟ್ಟಿಗೆ, ಈ ಇಡೀ ಗುಂಪಿನಲ್ಲಿ ಎಲ್ಲರೂ ತಿಳಿದಿರಲೇಬೇಕಾದ ಕಾಯಿಲೆ ಇದು, ಏಕೆಂದರೆ ಬದುಕು–ಸಾವುಗಳ ನಡುವೆ ಇರುವುದು ಒಂದು ಅಗ್ಗದ ಚುಚ್ಚುಮದ್ದು. ತೂಕದ ಪ್ರತಿ ಕಿಲೋಗೆ ಕನಿಷ್ಠ 10 ಮಿಲಿಗ್ರಾಂನಷ್ಟು ಥಯಾಮಿನ್ ಅನ್ನು (ಅಂದರೆ ಬಿ1 ಅನ್ನು) ವೈದ್ಯರು ನಿಧಾನವಾಗಿ ರಕ್ತನಾಳಕ್ಕೋ ಮಾಂಸಖಂಡಕ್ಕೋ ಕೊಟ್ಟು, ಆರೆಂಟು ಗಂಟೆಗೊಮ್ಮೆ ಮರುಕಳಿಸಿದರೆ, ಬೇಗ ಆರಂಭಿಸಿದ ಪ್ರಾಣಿಗಳು ಒಂದು ದಿನದೊಳಗೆ ಎದ್ದು ಮೇಯತೊಡಗುತ್ತವೆ. ದೃಷ್ಟಿ ಮರಳಲು ಕೆಲವು ದಿನ ಬೇಕಾಗಬಹುದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿ–ಕಾಂಪ್ಲೆಕ್ಸ್ ಚುಚ್ಚುಮದ್ದಿನಲ್ಲಿ ಬಿ1 ಪ್ರಮಾಣ ತೀರ ಕಡಿಮೆ ಇರುವುದುಂಟು; ಅದನ್ನು ಕೊಟ್ಟು ಗುಣವಾಗಲಿಲ್ಲವೆಂದು ಕೈಬಿಡುವ ಮುನ್ನ ಸೀಸೆಯ ಮೇಲಿನ ಪ್ರಮಾಣವನ್ನು ಓದಬೇಕು. ಲಿಸ್ಟೀರಿಯಾವೋ ಬಿ1 ಕೊರತೆಯೋ ಎಂದು ಖಚಿತವಾಗದಾಗ ಎರಡಕ್ಕೂ ಚಿಕಿತ್ಸೆ ಒಟ್ಟಿಗೆ ಆರಂಭಿಸುವ ವೈದ್ಯರ ಕ್ರಮ ಸರಿಯಾದುದು. ಕಾಯುವುದರಿಂದ ಆಗುವ ಹಾನಿ ಹೆಚ್ಚು.

ಕರುಳುಬೇನೆಯೂ ಮೇವಿನ ಬದಲಾವಣೆಯ ಜೊತೆಗೇ ಬರುತ್ತದೆ. ಮುಂಗಾರಿನ ಎಳೆ ಹುಲ್ಲನ್ನೋ, ಕೊಯ್ಲಾದ ಹೊಲದಲ್ಲಿ ಉದುರಿದ ಕಾಳನ್ನೋ ಹೊಟ್ಟೆ ಬಿರಿಯ ತಿಂದಾಗ, ಕರುಳಿನಲ್ಲಿ ಮೊದಲೇ ಇರುವ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಡಿ ಎಂಬ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿ ನಂಜನ್ನು ಬಿಡುತ್ತದೆ. ಆ ನಂಜು ಮಿದುಳಿನ ರಕ್ತನಾಳಗಳನ್ನು ಹಾಳುಮಾಡುತ್ತದೆ. ಹಿಂಡಿನಲ್ಲೇ ದಷ್ಟಪುಷ್ಟವಾದ ಮರಿ ಸಂಜೆ ಚೆನ್ನಾಗಿದ್ದು ಬೆಳಗ್ಗೆ ಸತ್ತು ಬಿದ್ದಿರುತ್ತದೆ, ಇಲ್ಲವೇ ಕೆಲವೇ ಗಂಟೆ ಒದ್ದಾಡಿ, ಕತ್ತು ಹಿಂದಕ್ಕೆಳೆದು ಸಾಯುತ್ತದೆ. ಚಿಕಿತ್ಸೆಗೆ ಸಮಯವೇ ಸಿಗುವುದಿಲ್ಲ, ಆದ್ದರಿಂದ ಮಳೆಗಾಲಕ್ಕೆ ಮುನ್ನ ಹಾಕಿಸುವ ಲಸಿಕೆಯೇ ಆಧಾರ. ಮೊದಲ ಬಾರಿ ಹಾಕಿಸುವಾಗ ಎರಡು ಮೂರು ವಾರಗಳ ಬಳಿಕ ಇನ್ನೊಂದು ವರಸೆ ಬೇಕು. ಆಡುಗಳಲ್ಲಿ ಲಸಿಕೆಯ ರಕ್ಷಣೆ ಕುರಿಗಳಲ್ಲಿರುವಷ್ಟು ದೀರ್ಘಕಾಲ ಉಳಿಯದು. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಈ ಲಸಿಕೆ ತಯಾರಾಗುತ್ತದೆ.

ಗಬ್ಬದ ಕೊನೆಯ ತಿಂಗಳು

ಹುಟ್ಟಲಿರುವ ಮರಿಯ ಬೆಳವಣಿಗೆಯಲ್ಲಿ ಹೆಚ್ಚಿನ ಪಾಲು ನಡೆಯುವುದು ಗಬ್ಬದ ಕೊನೆಯ ಆರು ವಾರಗಳಲ್ಲಿ. ಆಗ ಹೊಟ್ಟೆಯಲ್ಲಿ ಎರಡು ಮೂರು ಮರಿಗಳಿದ್ದು ಮೇವು ಸಾಲದೆ ಹೋದರೆ ತಾಯಿ ತನ್ನ ಮೈಯ ಕೊಬ್ಬನ್ನು ಕರಗಿಸತೊಡಗುತ್ತದೆ, ರಕ್ತದಲ್ಲಿ ಸಕ್ಕರೆ ಇಳಿದು, ಕೊಬ್ಬು ಕರಗಿದಾಗ ಹುಟ್ಟುವ ಕೀಟೋನುಗಳೆಂಬ ವಸ್ತುಗಳು ತುಂಬುತ್ತವೆ. ಇದೇ ಗಬ್ಬದ ನಂಜು. ಕುರಿ ಮಂಕಾಗಿ ಹಿಂಡಿನಿಂದ ಹಿಂದೆ ಬೀಳುತ್ತದೆ, ಮೇವು ಬಿಡುತ್ತದೆ, ಕಣ್ಣು ಕಾಣದೆ ಅಡ್ಡ ಸಿಕ್ಕಿದ್ದಕ್ಕೆ ಹಾಯುತ್ತದೆ, ಮುಖದ ಸ್ನಾಯುಗಳು ಅದುರುತ್ತವೆ, ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಬರುತ್ತದೆ. ಒಂದೇ ಮರಿ ಹಾಕುವ ನಮ್ಮ ನಾಡತಳಿಗಳಲ್ಲಿ ಇದು ಹೆಚ್ಚಾಗಿರಲಿಲ್ಲ. ಬಂಗಾಳದ ಗರೋಲ್ ಕುರಿಯ ಅವಳಿ ಹೆರುವ ಗುಣವನ್ನು ದಖನಿ ಕುರಿಗೆ ಸೇರಿಸಿ ಮಹಾರಾಷ್ಟ್ರದ ಫಲಟಣದಲ್ಲಿ ಬೆಳೆಸಿದ ನಾರಿ ಸುವರ್ಣ ಕುರಿಗಳನ್ನು ಕರ್ನಾಟಕದ ರೈತರೂ ಈಗ ಸಾಕುತ್ತಿದ್ದಾರೆ. ಮರಿಗಳ ಸಂಖ್ಯೆಯ ಲಾಭವನ್ನು ಬಯಸುವವರು ಕೊನೆಯ ಆರು ವಾರಗಳ ಹೆಚ್ಚುವರಿ ಕಾಳು–ಹಿಂಡಿಯ ಖರ್ಚನ್ನೂ ಅದರ ಲೆಕ್ಕದಲ್ಲೇ ಸೇರಿಸಬೇಕು. ಪ್ರಾಣಿ ನಿಂತಿರುವಾಗ ಗ್ಲುಕೋಸ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಕೊಟ್ಟರೆ ಚೇತರಿಸಿಕೊಳ್ಳಬಹುದು. ಮಲಗಿದ ಮೇಲೆ ಮರಿಗಳನ್ನು ಹೊರತೆಗೆಯದೆ ತಾಯಿ ಉಳಿಯುವುದು ಕಷ್ಟ. ಇದೇ ಕಾಲದಲ್ಲಿ ಸುಣ್ಣದಂಶದ ಕೊರತೆಯಿಂದಲೂ ಕುರಿ ಮಲಗಿಬಿಡುತ್ತದೆ, ಆದರೆ ಕ್ಯಾಲ್ಸಿಯಂ ಕೊಟ್ಟಾಗ ಅದು ಬಹಳ ಬೇಗ ಎದ್ದು ನಿಲ್ಲುವುದರಿಂದ ವ್ಯತ್ಯಾಸ ತಿಳಿಯುತ್ತದೆ.

ಉಳಿದವನ್ನು ಚುಟುಕಾಗಿ ಹೇಳಬಹುದು. ಬೀಜ ಒಡೆಸಿದ, ಕಿವಿಗೆ ಓಲೆ ಹಾಕಿಸಿದ ಅಥವಾ ಹೊಕ್ಕುಳು ಕೀತ ಮರಿ, ಒಂದೆರಡು ವಾರದಲ್ಲಿ ಕಾಲುಗಳನ್ನು ಮರದ ಕುದುರೆಯಂತೆ ಬಿಗಿದು ನಿಂತು, ಕಿವಿ ನೆಟ್ಟಗಾಗಿ, ದವಡೆ ಕಚ್ಚಿಕೊಂಡು, ಸಣ್ಣ ಸದ್ದಿಗೂ ಬೆಚ್ಚಿ ಸೆಟೆಯುತ್ತಿದ್ದರೆ ಅದು ಧನುರ್ವಾಯು. ಗಬ್ಬದ ಕುರಿಗೆ ಕೊನೆಯ ತಿಂಗಳಲ್ಲಿ ಟಿಟಿ (ಧನುರ್ವಾಯು ತಡೆಯುವ ಲಸಿಕೆ) ಕೊಡಿಸಿದರೆ ಗಿಣ್ಣಿನ ಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ಹುಟ್ಟುತ್ತಲೇ ಅಥವಾ ಕೆಲವು ವಾರಗಳಲ್ಲಿ ಮರಿಗಳ ಹಿಂಗಾಲು ತೂರಾಡುತ್ತಿದ್ದು, ಅವು ಚುರುಕಾಗಿ ಹಾಲು ಕುಡಿಯುತ್ತಿದ್ದರೆ ತಾಯಿಯಲ್ಲಿ ತಾಮ್ರದ ಕೊರತೆಯಿತ್ತೆಂದು ಶಂಕಿಸಬೇಕು. ಆದರೆ ತಾಮ್ರ ಹೆಚ್ಚಾದರೆ ಕುರಿಗೆ ಪ್ರಾಣಾಂತಿಕ ವಿಷ, ಆದ್ದರಿಂದ ದನಗಳ ಖನಿಜ ಮಿಶ್ರಣವನ್ನು ಕುರಿಗೆ ಅಂದಾಜಿನಲ್ಲಿ ಹಾಕಬಾರದು. ಹಲವು ಪ್ರಾಣಿಗಳು ಕೆಲವೇ ಗಂಟೆಗಳಲ್ಲಿ ಒಟ್ಟಿಗೆ ನಡುಗಿ ಬೀಳತೊಡಗಿದರೆ ವಿಷದ ಸಂಶಯ ಬರಬೇಕು: ಮಳೆಯಿಲ್ಲದೆ ಬಾಡಿದ ಎಳೆ ಜೋಳವನ್ನೋ ಕೂಳೆಯ ಚಿಗುರನ್ನೋ ಮೇಯ್ದಿದ್ದರೆ ಸೈನೈಡ್ ವಿಷ, ಅದರಲ್ಲಿ ಉಸಿರಿಗಾಗಿ ಪರದಾಡುವ ಪ್ರಾಣಿಯ ಒಸಡು ಕಡುಗೆಂಪಾಗಿರುತ್ತದೆ, ಕೀಟನಾಶಕ ಸಿಂಪಡಿಸಿದ ಹತ್ತಿ, ಮೆಣಸಿನ ಹೊಲಕ್ಕೆ ನುಗ್ಗಿದ್ದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಜೊಲ್ಲು ಧಾರೆಯಾಗಿ ಸುರಿಯುತ್ತದೆ. ಎರಡಕ್ಕೂ ಪ್ರತಿವಿಷಗಳಿವೆ, ಎರಡಕ್ಕೂ ಸಮಯ ಬಹಳ ಕಡಿಮೆ.

ವೈದ್ಯರು ಬರುವವರೆಗೆ, ಬಂದಾಗ, ಸತ್ತಾಗ

ಕಾಯಿಲೆಯ ಪ್ರಾಣಿಯನ್ನು ಹಿಂಡಿನಿಂದ ಬೇರ್ಪಡಿಸಿ, ನೆರಳಿರುವ, ಸದ್ದಿಲ್ಲದ ಜಾಗದಲ್ಲಿ ಹುಲ್ಲು ಹಾಸಿ ಇರಿಸಬೇಕು. ಮಲಗಿದ್ದರೆ ಪಕ್ಕಕ್ಕೆ ಬಿಡದೆ ಎದೆಯ ಮೇಲೆ ಕೂರುವಂತೆ ಹುಲ್ಲಿನ ಹೊರೆಗಳನ್ನು ಒತ್ತು ಕೊಡಬೇಕು, ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಹೊಟ್ಟೆಯುಬ್ಬರದಿಂದಲೇ ಅದು ಸಾಯಬಹುದು. ಕಾಳು, ಹಿಂಡಿ, ಸಂಶಯದ ಮೇವನ್ನು ಆ ಪ್ರಾಣಿಗಷ್ಟೇ ಅಲ್ಲ, ಇಡೀ ಹಿಂಡಿಗೆ ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನುಂಗಲಾರದ ಪ್ರಾಣಿಗೆ ಗೊಟ್ಟದಲ್ಲಿ ಏನನ್ನೂ ಕುಡಿಸಬಾರದು. ಎಣ್ಣೆಯಾಗಲಿ, ಕಷಾಯವಾಗಲಿ, ನೀರೇ ಆಗಲಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಿದುಳಿನ ಬೇನೆಯಿಂದ ಉಳಿಯಬಹುದಾಗಿದ್ದ ಪ್ರಾಣಿ ನ್ಯುಮೋನಿಯಾದಿಂದ ಸಾಯುತ್ತದೆ.

ಹತ್ತಿರದ ಪಶು ಆಸ್ಪತ್ರೆಗೋ 1962 ಸಹಾಯವಾಣಿಗೋ ಕರೆ ಮಾಡಿದಾಗ ಕುರಿಗೆ ತಲೆ ತಿರುಗುತ್ತಿದೆ ಎಂದಷ್ಟೇ ಹೇಳಿದರೆ ಸಾಲದು. ವಯಸ್ಸೆಷ್ಟು, ಗಬ್ಬವಿದೆಯೇ, ಎಷ್ಟು ಪ್ರಾಣಿಗಳಿಗೆ ಬಂದಿದೆ, ಎಷ್ಟು ಗಂಟೆಯಿಂದ ಅಥವಾ ಎಷ್ಟು ದಿನದಿಂದ, ಕಳೆದ ಎರಡು ವಾರಗಳಲ್ಲಿ ಮೇವಿನಲ್ಲೋ ಮೇಯುವ ಜಾಗದಲ್ಲೋ ಏನು ಬದಲಾಯಿತು, ಯಾವ ಲಸಿಕೆ ಯಾವಾಗ ಆಗಿದೆ, ಏನು ಔಷಧ ಕೊಟ್ಟಿದ್ದೀರಿ, ಗಾಯ ಅಥವಾ ನಾಯಿ ಕಡಿತವೇನಾದರೂ ಆಗಿತ್ತೇ ಎಂಬುದನ್ನು ಹೇಳಿದರೆ, ವೈದ್ಯರು ಹೊರಡುವ ಮುನ್ನವೇ ಬೇಕಾದ ಔಷಧವನ್ನು ಚೀಲಕ್ಕೆ ಹಾಕಿಕೊಳ್ಳಬಲ್ಲರು.

ಇಷ್ಟಾದರೂ ಪ್ರಾಣಿ ಸತ್ತರೆ ಅದನ್ನು ಹಾಗೆಯೇ ಹೂಳಿಬಿಡದೆ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ಅಕಾಲಿಕವಾಗಿ ಸತ್ತ ಕುರಿ–ಆಡುಗಳಿಗೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಡಿ ಪರಿಹಾರ ಕೇಳಲಿಕ್ಕೂ ಅದರ ವರದಿ ಬೇಕಾಗುತ್ತದೆ. ತಲೆಯನ್ನು ತಾವೇ ಒಡೆದು ನೋಡುವ ಕುತೂಹಲ ಬೇಡ. ರೇಬೀಸ್ ಸಂಶಯವಿದ್ದರೆ ಆ ಕೆಲಸವನ್ನು ರಕ್ಷಣಾ ಉಡುಪು ತೊಟ್ಟ, ಲಸಿಕೆ ಪಡೆದ ಸಿಬ್ಬಂದಿಯೇ ಮಾಡಬೇಕು. ಮಿದುಳಿನ ಒಂದು ಭಾಗವನ್ನು ಮಂಜುಗಡ್ಡೆಯಲ್ಲೂ ಇನ್ನೊಂದು ಭಾಗವನ್ನು ಶೇ. 10ರ ಫಾರ್ಮಲಿನ್‌ನಲ್ಲೂ ಇಟ್ಟು ಪ್ರಯೋಗಾಲಯಕ್ಕೆ ಕಳಿಸುವುದು ರೂಢಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರೇಬೀಸ್ ಪತ್ತೆಗೆಂದೇ ಪ್ರಯೋಗಾಲಯವಿದೆ. ವರದಿಯಲ್ಲಿ ನೀರುಗುಳ್ಳೆ ಎಂದು ಬಂದರೆ ಅಂದೇ ಹಟ್ಟಿಯ ನಾಯಿಗಳಿಗೆ ಮಾತ್ರೆ, ಕರುಳುಬೇನೆ ಎಂದರೆ ಉಳಿದ ಮರಿಗಳಿಗೆ ಲಸಿಕೆ, ಬಿ1 ಕೊರತೆ ಎಂದರೆ ಹಿಂಡಿಯ ಪ್ರಮಾಣ ಇಳಿಸಿ ಒಣಮೇವಿನ ಹೆಚ್ಚಳ, ರೇಬೀಸ್ ಎಂದರೆ ಅದನ್ನು ಮುಟ್ಟಿದ ಪ್ರತಿಯೊಬ್ಬರೂ ಆಸ್ಪತ್ರೆಗೆ.